ಮುಳ್ಳು ಕಟ್ಟಿದ ಮನೆಯಲ್ಲಿ ಅರ್ಧ ಲೋಟ ಕಾಫಿ

ಚೆಂಡುಹೂವು, ಮತ್ತೆ ಚೆಂಡುಹೂವು, ಬಸ್ಸಿನ ಗಾಜಿನ ಮೇಲೆ ಜಿಟಿಜಿಟಿ ಮಳೆಯ ಹನಿ ಅಡ್ಡಡ್ಡ ಓಡುತ್ತಿದೆ, ಹನಿಯ ಆಚೆ ಹಳದಿ, ಕಿತ್ತಳೆ, ಮತ್ತೆ ಹಳದಿ, ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಇದೇ, ಕೇರಳದ ನಂಬರಿನ ಕಾರೊಂದು ಬದಿಗೆ ನಿಂತಿದೆ, ಹೆಂಗಸೊಬ್ಬಳು ಹೂವಿನ ನಡುವೆ ಛತ್ರಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದಾಳೆ, ನಗುತ್ತಿದ್ದಾಳೆ, ನಗಲಿ ಪಾಪ — ನನಗೂ ಹಳದಿ ಕಾಣುತ್ತದೆ, ಇದು ಹಳದಿ ಅಂತ ಗೊತ್ತಾಗುತ್ತದೆ, ಅದರಿಂದ ಮುಂದಕ್ಕೆ ಏನೂ ಆಗುವುದಿಲ್ಲ, ಆರು ತಿಂಗಳಿಂದ ಹೀಗೇ, ಉಪ್ಪು ಉಪ್ಪಂತ ಗೊತ್ತು, ಬಿಸಿ ಬಿಸಿಯಂತ ಗೊತ್ತು, ಅಷ್ಟೆ. ಬೆಳಿಗ್ಗೆ ಚಾಮರಾಜನಗರದಲ್ಲಿ ಬಸ್ಸು ಹತ್ತುವಾಗ ತಂಗಿ ಭಾಗ್ಯ ಟಿಫಿನ್ ಡಬ್ಬಿ ಕೈಗೆ ಕೊಟ್ಟು ಮುಖವನ್ನೇ ನೋಡಿದಳು, ಇವತ್ತಾದ್ರೂ ಒಂದ್ಸಲ ಅತ್ಬುಡು ಕಣಕ್ಕ, ಎದೆ ಹಗುರಾಯ್ತದೆ, ಹಿಂಗೇ ಕಲ್ಲಾಗಿದ್ರೆ ಹೆಂಗೆ ಅಂದಳು. ಆಗಲಿ ಅಂದೆ, ತರಕಾರಿ ತಾ ಅಂದರೆ ಆಗಲಿ ಅನ್ನುವ ಹಾಗೆ. ಅಳು ಅಂಗಡಿಯಲ್ಲಿ ಸಿಗುವುದಾದರೆ ತರುತ್ತಿದ್ದೆ. ಆದರೆ ಇವತ್ತು ಸಿಗಬಹುದು, ಇವತ್ತು ಮನೆ ತೆಗೆಯುತ್ತಾರೆ, ಗುಂಡ್ಲುಪೇಟೆಯ ನಮ್ಮ ಮನೆ, ನಾನು ಮತ್ತು ಪ್ರಸಾದ ಅತ್ತೆ ಮಾವನ ಜೊತೆ ಇದ್ದ ಮನೆ, ಅವನು ಹೋದ ದಿನ ನಕ್ಷತ್ರ ಸರಿಯಿಲ್ಲ ಎಂದು ಬಾಗಿಲಿಗೆ ಮುಳ್ಳು ಕಟ್ಟಿ ಎಲ್ಲರೂ ಬಿಟ್ಟು ಬಂದ ಮನೆ. ಮದುವೆಯಾದಾಗಿನಿಂದ ಬಾಯಲ್ಲಿ ಅವರು, ಮನಸ್ಸಿನಲ್ಲಿ ಅವನು. ಆ ಮನೆಯ ನಡುಕೋಣೆಯ ಕಿಟಕಿ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಇದೆ, ಲೋಟದಲ್ಲಿ ಅವನು ಕುಡಿದು ಉಳಿಸಿದ ಅರ್ಧ ಕಾಫಿ. ಇಷ್ಟು ದಿನದಲ್ಲಿ ಅದು ಒಣಗಿ ತಳ ಹಿಡಿದಿರುತ್ತದೆ, ಬೂಸ್ಟು ಬಂದಿರುತ್ತದೆ, ಬರಲಿ, ಏನಾಗಿದ್ದರೂ ಸರಿ, ಅದನ್ನು ಬೇರೆ ಯಾರೂ ಮುಟ್ಟುವ ಮುಂಚೆ ನಾನು ನೋಡಬೇಕು, ನೋಡಿದರೆ ಎಲ್ಲೋ ಒಂದು ಕಡೆ ಏನೋ ಒಡೆದು ನೀರು ಬರುತ್ತದೆ ಅಂತ ಇದನ್ನೊಂದೇ ನಂಬಿಕೊಂಡು ಬಂದಿದ್ದೇನೆ. ಕಂಡಕ್ಟರ್ ಚಿಲ್ಲರೆ ಕೊಟ್ಟ, ತೆಗೆದುಕೊಂಡೆ.

ಅರ್ಧ ಬಿಸಿ, ಅರ್ಧ ತಣ್ಣಗೆ, ಅದು ಅವನ ಕ್ರಮ, ಲೋಕದಲ್ಲಿ ಬೇರೆ ಯಾರೂ ಕಾಫಿ ಹಾಗೆ ಕುಡಿಯುವುದಿಲ್ಲ, ಅರ್ಧ ಲೋಟವನ್ನು ನಾಲಿಗೆ ಸುಡುವಾಗಲೇ ಕುಡಿದು ಮಿಕ್ಕ ಅರ್ಧವನ್ನು ಕಿಟಕಿ ಕಟ್ಟೆಯ ಮೇಲಿಟ್ಟು, ಸ್ನಾನ ಮಾಡಿ ಬಂದು, ತಲೆ ಒರೆಸಿಕೊಳ್ಳುತ್ತಾ ತಣ್ಣನೆಯದನ್ನು ಕುಡಿಯುವುದು, ಒಂದೇ ಲೋಟದಲ್ಲಿ ಎರಡು ಕಾಫಿ ಕಣಮ್ಮಿ ಅನ್ನುವುದು. ಲೋಟದ ಅಂಚಿನಿಂದ ಇಳಿದ ಹನಿ ತಳಕ್ಕೆ ಹೋಗಿ ಬಿಳಿ ಟೈಲ್ಸಿನ ಮೇಲೆ ದಿನಾ ಒಂದು ಉಂಗುರ, ದಿನಾ ನಾನು ಒರೆಸುವುದು, ಒಂದು ತಟ್ಟೆ ಇಟ್ಟುಕೊಳ್ಳಿ ಅಂದರೆ ತಟ್ಟೆ ಇಟ್ಟರೆ ಆರಲ್ಲ ಅನ್ನುವುದು, ಅದಕ್ಕೂ ಒಂದು ವಾದ, ರೇಷ್ಮೆ ಇಲಾಖೆಯಲ್ಲಿ ಹುಳು ಸಾಕುವವರ ಮನೆಮನೆಗೆ ಹೋಗಿ ಸೊಪ್ಪು ಹೀಗೆ ಹಾಕಿ ಗಾಳಿ ಹಾಗೆ ಬಿಡಿ ಅಂತ ಹೇಳಿ ಹೇಳಿ ಬಂದ ವಾದ. ಮಾಘ ಮಾಸದ ಆ ಬೆಳಿಗ್ಗೆಯೂ ಹಾಗೇ, ಆರ್ಲಿ ಇರು ಕಣಮ್ಮಿ ಅಂದ, ಟವೆಲ್ ಹೆಗಲಿಗೆ ಹಾಕಿಕೊಂಡ, ಬಚ್ಚಲ ಬಾಗಿಲ ತನಕ ಹೋದ, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜಗಲಿಯ ಮೇಲೆ ಅವನನ್ನು ಮಲಗಿಸಿದ್ದರು, ಊದುಬತ್ತಿ ಹೊಗೆಯಲ್ಲಿ ಗುರುಮಲ್ಲಯ್ಯನವರು, ನಮ್ಮ ಪೈಕಿ ಹಿರಿಯರು, ಪಂಚಾಂಗ ನೋಡುವವರು, ಬೆರಳು ಎಣಿಸಿ ತಲೆ ಅಲ್ಲಾಡಿಸಿದರು, ಧನಿಷ್ಠೆ ಕಣಪ್ಪ ಮರಿಯಯ್ಯ, ಆರು ತಿಂಗ್ಳು ಮನೆ ಬುಡ್ಬೇಕಾಯ್ತದೆ, ಒಂದು ಸಾಮಾನು ಮುಟ್ಬ್ಯಾಡಿ, ಮುಟ್ಟುದ್ರೆ ಇನ್ನೊಂದು ಜೀವಕ್ಕೆ ಬತ್ತದೆ. ಮಾವ ಸರಿ ಅಂದರು, ಒಂದೇ ಮಾತು. ಭಾಗ್ಯ ನನ್ನ ನಾಲ್ಕು ಸೀರೆ, ಕಾಲೇಜಿನ ಬ್ಯಾಗು ಮಾತ್ರ ಎತ್ತಿಕೊಂಡು ಹೊರಗೆ ಬಂದಳು. ನಾನು ಒಳಗೆ ಹೋಗಲು ಕಾಲೆತ್ತಿದೆ, ಲೋಟ ಅಂದೆ, ಅತ್ತೆ ಮಂಚಮ್ಮ ರಟ್ಟೆ ಹಿಡಿದುಕೊಂಡರು, ಬ್ಯಾಡ ಕಣವ್ವ, ಲೋಟ ಎಲ್ಲೋದದು, ಇದ್ದಲ್ಲೇ ಇರ್ತದೆ ಬುಡು. ಕಿಟಕಿಯ ಬಾಗಿಲು ಮುಚ್ಚುವಾಗ ಕೊನೆಯದಾಗಿ ಕಂಡದ್ದು ಅದೇ, ಕಟ್ಟೆ, ಲೋಟ, ಲೋಟದ ಮೇಲೆ ಬೆಳಕಿನ ಒಂದು ಗೆರೆ. ಮಣ್ಣು ಮಾಡಿ ಬಂದ ಮೇಲೆ ಮಾವ ಒಬ್ಬರೇ ಜಾಲಿಮುಳ್ಳಿನ ಹೊರೆ ತಂದು ಮುಂಬಾಗಿಲಿಗೆ ಕಟ್ಟಿದರು, ಹಿತ್ತಲ ಬಾಗಿಲಿಗೂ ಕಟ್ಟಿದರು, ಯಾರನ್ನೂ ಕೈ ಹಾಕಲು ಬಿಡಲಿಲ್ಲ, ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡರು. ಅತ್ತೆ ಮಾವ ಎದುರು ಸಾಲಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು, ನಾನು ಚಾಮರಾಜನಗರಕ್ಕೆ ತಂಗಿಯ ಮನೆಗೆ. ತಿಥಿಯ ದಿನ ಮಾವನ ಮುಂಗೈ ಮೇಲೆ ಉದ್ದುದ್ದಕ್ಕೆ ಗೀರು ಕಂಡವು, ಮುಳ್ಳು ಕಟ್ಟಿದ ದಿನ ಇಲ್ಲದ ಗೀರು, ಏನು ಮಾವ ಅಂದೆ, ನಿಂಬೆ ಗಿಡ ಕಣವ್ವ, ಗೀರ್ಬುಡ್ತು ಅಂದರು. ಮುಳ್ಳು ಕಟ್ಟಿದ ಕೈಗೆ ನಿಂಬೆ ಗಿಡವೂ ಗೀರಿತಲ್ಲ ಅಂದುಕೊಂಡೆ.

ಬಸ್ಸು ನಿಂತಿತು, ಇಳಿದೆ, ಛತ್ರಿ ಬಿಚ್ಚಿದೆ, ಹೂವಿನ ಮೂಟೆಗಳ ಲಾರಿ ಮಲಯಾಳಂನಲ್ಲಿ ಬೈಯುತ್ತಾ ಹಿಂದಕ್ಕೆ ಬರುತ್ತಿದೆ, ಪಕ್ಕಕ್ಕೆ ಸರಿದೆ, ಕಾಲೇಜು. ಸ್ಟಾಫ್ ರೂಮಿನಲ್ಲಿ ನನ್ನನ್ನು ನೋಡಿ ಇವತ್ತೂ ಬಂದ್ರಾ ಮೇಡಂ, ರಜ ಹಾಕಬಹುದಿತ್ತು ಅಂದರು ಯಾರೋ, ಹನ್ನೊಂದರ ಮೇಲೆ ಮುಹೂರ್ತ, ಮೊದಲ ಪಿರಿಯಡ್ ಮುಗಿಸಿಯೇ ಹೋಗುತ್ತೇನೆ ಅಂದೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನೋಡಿಕೊಳ್ಳಲಿ, ಮನೆಯಲ್ಲಿ ಕೂತು ಹನ್ನೊಂದು ಗಂಟೆಯಾಗಲಿ ಅಂತ ಕಾಯುವುದಕ್ಕಿಂತ ಕ್ಲಾಸು ವಾಸಿ. ಟೇಬಲ್ಲಿನ ಮೇಲೆ ಯಾರದೋ ಟೀ ಲೋಟದ ಉಂಗುರ, ಕರ್ಚೀಫಿನಿಂದ ಒರೆಸಿದೆ, ಆಮೇಲೆ ಯಾಕೆ ಒರೆಸಿದೆ ಅನ್ನಿಸಿತು. ಕ್ಲಾಸಿನಲ್ಲಿ ಗುಡ್ ಮಾರ್ನಿಂಗ್ ರಮ್ಯ ಮೇಡಂ, ಕೂತ್ಕೊಳ್ಳಿ, ಆಪರೇಟಿಂಗ್ ಸಿಸ್ಟಂ, ಎಲ್ಲಿಗೆ ನಿಲ್ಲಿಸಿದ್ದೆ, ಕಂಟ್ರೋಲ್ ರಿಜಿಸ್ಟರ್, ಸೀಮೆಸುಣ್ಣ ತೆಗೆದುಕೊಂಡು ಉದ್ದಕ್ಕೆ ಚೌಕಗಳ ಸಾಲು ಬರೆದೆ, ಇದು ಪ್ರೋಸೆಸರಿನ ಒಳಗಿರುವ ಸ್ವಿಚ್ ಬೋರ್ಡು ಅಂದುಕೊಳ್ಳಿ, ಒಂದೊಂದು ಚೌಕ ಒಂದೊಂದು ಬಿಟ್, ಒಂದು ಹಾಕಿದರೆ ಆನ್, ಸೊನ್ನೆ ಹಾಕಿದರೆ ಆಫ್, ಇಷ್ಟು ಚಿಕ್ಕದು, ಆದರೆ ಇಡೀ ಮೆಮೊರಿ ಹೇಗೆ ನಡೆಯಬೇಕು ಅನ್ನುವುದು ಇದರ ಕೈಯಲ್ಲಿದೆ — ನನ್ನ ಬಾಯಿ ಚೆನ್ನಾಗಿಯೇ ನಡೆಯುತ್ತದೆ, ಅದಕ್ಕೆ ನಾನು ಬೇಕಾಗಿಲ್ಲ — ಈ ತುದಿಯದು ಪಿಜಿ, ಪೇಜಿಂಗ್ ಬಿಟ್, ಇದು ಸೊನ್ನೆ ಇರುವ ತನಕ ಕೇಳಿದ ವಿಳಾಸವೇ ನಿಜವಾದ ವಿಳಾಸ, ಒಂದು ಮಾಡಿದ ಕ್ಷಣ ಯಾವ ವಿಳಾಸವೂ ನೇರವಿಲ್ಲ, ಪ್ರತಿಯೊಂದೂ ಪೇಜ್ ಟೇಬಲ್ ಅನ್ನುವ ವಿಳಾಸಪಟ್ಟಿಯನ್ನು ಕೇಳಿಯೇ ಹೋಗಬೇಕು. ಈಗ ಯೋಚನೆ ಮಾಡಿ, ಆ ಸ್ವಿಚ್ ಹಾಕುವ ಕೋಡ್ ಕೂಡ ಮೆಮೊರಿಯಲ್ಲೇ ನಿಂತಿದೆ ತಾನೆ, ಸ್ವಿಚ್ ಹಾಕಿದ ಮೇಲೆ ಅದರ ಮುಂದಿನ ಹೆಜ್ಜೆಯ ವಿಳಾಸಕ್ಕೂ ಹೊಸ ಅರ್ಥ ಬಂತು, ಅಲ್ಲಿ ಏನೂ ಇಲ್ಲದಿದ್ದರೆ? ಬಿದ್ದುಹೋಗುತ್ತದೆ ಮೇಡಂ ಅಂದಿತು ಮುಂದಿನ ಬೆಂಚು. ಹೌದು, ಬಿದ್ದದ್ದನ್ನು ಎತ್ತುವವರು ಕೂಡ ಅಲ್ಲಿರುವುದಿಲ್ಲ, ಮಷಿನ್ನು ಕಪ್ಪಗಾಗಿ ಮತ್ತೆ ಮೊದಲಿಂದ ಶುರುವಾಗುತ್ತದೆ, ಅದಕ್ಕೇ ಕಾಲಿಟ್ಟ ಜಾಗ ಒಂದನ್ನು ಮಾತ್ರ ಹಳೇ ಲೆಕ್ಕದಲ್ಲೂ ಹೊಸ ಲೆಕ್ಕದಲ್ಲೂ ಒಂದೇ ವಿಳಾಸದಲ್ಲಿ ಇಡಬೇಕು, ಹೊಸಿಲಿನ ಹಾಗೆ, ಹೊಸಿಲು ಒಳಗಿನದೂ ಹೌದು ಹೊರಗಿನದೂ ಹೌದು. ಹೊಸಿಲು ಅಂದಾಗ ಮುಳ್ಳು ಕಂಡಿತು, ಮುಳ್ಳಿನ ಹಿಂದೆ ಬಾಗಿಲು, ಬಾಗಿಲ ಹಿಂದೆ ಕಟ್ಟೆ, ಲೋಟ. ಆರು ತಿಂಗಳ ಹಿಂದೆ ಯಾರೋ ನನ್ನ ಮೇಲಿನ ಸ್ವಿಚ್ ಹಾಕಿದರು, ಹೊಸಿಲು ಹಾಕಿಕೊಡಲಿಲ್ಲ. ಬರೆದುಕೊಳ್ಳಿ ಅಂದೆ.

ಬರೆದುಕೊಳ್ಳುತ್ತಿದ್ದಾರೆ, ಮಳೆ ತಗಡಿನ ಮೇಲೆ ಸದ್ದು ಮಾಡುತ್ತಿದೆ, ನಾನು ಮುಂದಕ್ಕೆ ಹೋಗುತ್ತಿದ್ದೇನೆ, ಪೇಜ್ ಟೇಬಲ್ಲಿನಲ್ಲಿ ಒಂದು ಪೇಜನ್ನು ಇಲ್ಲ ಅಂತ ಗುರುತು ಹಾಕಿದರೆ ಅದರೊಳಗಿದ್ದದ್ದು ಅಳಿಸಿಹೋಗುತ್ತದಾ, ಇಲ್ಲ, ಇದ್ದದ್ದು ಇದ್ದ ಹಾಗೇ ಇರುತ್ತದೆ, ಹೋಗುವ ದಾರಿ ಮಾತ್ರ ಇಲ್ಲ, ಅಷ್ಟೆ — ಇದನ್ನು ಪ್ರತಿ ವರ್ಷ ಹೇಳಿದ್ದೇನೆ, ಈ ವರ್ಷ ಮಾತ್ರ ಎರಡು ಸಲ ಹೇಳಿದೆ, ಇದ್ದದ್ದು ಇದ್ದ ಹಾಗೇ ಇರುತ್ತದೆ. ಆಮೇಲೆ ಇನ್ನೊಂದು ಬಿಟ್, ಪಿಜಿಇ, ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಗುವಾಗ ಪ್ರೋಸೆಸರ್ ಪೇಜ್ ಟೇಬಲ್ಲನ್ನೇ ಬದಲಿಸುತ್ತದೆ, ಹಳೇ ವಿಳಾಸಗಳನ್ನೆಲ್ಲ ಮರೆಯುತ್ತದೆ, ಆದರೆ ಇದು ಆನ್ ಇದ್ದರೆ ಕೆಲವನ್ನು ಮಾತ್ರ ಮರೆಯುವುದಿಲ್ಲ, ಎಲ್ಲ ಕಡೆಗೂ ಬೇಕಾದವು ಅಂತ ಗುರುತು ಮಾಡಿಟ್ಟವು, ಟೇಬಲ್ ಬದಲಾದರೂ ಅವು ಅಂಟಿಕೊಂಡೇ ಇರುತ್ತವೆ. ಭಾಗ್ಯನ ಮನೆಯಲ್ಲಿ ದಿನಾ ಬೆಳಿಗ್ಗೆ ನಾನೇ ಕಾಫಿ ಮಾಡುವುದು, ಎಲ್ಲರಿಗೂ ಬಗ್ಗಿಸಿದ ಮೇಲೆ ಕೈ ತಾನಾಗಿ ಇನ್ನೊಂದು ಲೋಟಕ್ಕೆ ಅರ್ಧ ಬಗ್ಗಿಸಿ ಕಿಟಕಿ ಕಡೆ ಹೊರಡುತ್ತದೆ, ಅವಳ ಅಡುಗೆಮನೆಯಲ್ಲಿ ಆ ಜಾಗದಲ್ಲಿ ಕಿಟಕಿಯೇ ಇಲ್ಲ, ಗೋಡೆ, ಗೋಡೆಯ ಮುಂದೆ ಲೋಟ ಹಿಡಿದು ನಿಂತಿರುತ್ತೇನೆ, ಭಾಗ್ಯ ಬಂದು ಲೋಟ ಈಸಿಕೊಂಡು ಕುಡಿದುಬಿಡುತ್ತಾಳೆ. ದುಃಖ ಅಲ್ಲ ಅದು, ದುಃಖವಾದರೆ ಗೊತ್ತಾಗುತ್ತಿತ್ತು. ಈಗ ಕೊನೆಯದು, ಡಬ್ಲ್ಯೂಪಿ, ರೈಟ್ ಪ್ರೊಟೆಕ್ಟ್, ಇದನ್ನು ಪರೀಕ್ಷೆಗೆ ಕೇಳುತ್ತಾರೆ. ಓದಬಹುದು ಬರೆಯುವ ಹಾಗಿಲ್ಲ ಅಂತ ಒಂದು ಪೇಜಿಗೆ ಕರ್ನಲ್ಲೇ, ಅಂದರೆ ಇಡೀ ಸಿಸ್ಟಮ್ಮಿನ ಯಜಮಾನನೇ, ತಡೆ ಹಾಕಿರುತ್ತದೆ, ಸಾಮಾನ್ಯ ಪ್ರೋಗ್ರಾಂಗಳು ಅದನ್ನು ಮೀರಲಾರವು, ಆದರೆ ಈ ಬಿಟ್ ಸೊನ್ನೆ ಇದ್ದರೆ ಕರ್ನಲ್ಲಿಗೆ ಮಾತ್ರ ತಡೆ ಇಲ್ಲ, ತಾನು ಹಾಕಿದ ಬೇಲಿಯನ್ನು ತಾನೇ ದಾಟಿ ಹೋಗಿ ಬರೆದು ಬರಬಹುದು. ಕುಮಾರಿ ಎದ್ದು ನಿಂತಳು, ಕುದೇರಿನ ಹುಡುಗಿ, ಅನುಮಾನ ಬಂದರೆ ಬಿಡುವವಳಲ್ಲ, ಮೇಡಂ, ಯಜಮಾನ ಅಂದ್ಮೇಲೆ ಯಜಮಾನ ತಾನೆ, ಅವನಿಗ್ಯಾಕೆ ತಡೆ, ಅವನು ಒಳ್ಳೇದ್ಕೇ ಬರೀತಾನೆ ಅಲ್ವಾ ಅಂದಳು. ಒಳ್ಳೆಯದಕ್ಕೇ ಬರೆಯಬಹುದು ಕಣಮ್ಮ, ಆದರೆ ಆ ಪೇಜನ್ನು ಇಬ್ಬರು ಹಂಚಿಕೊಂಡಿರುತ್ತಾರೆ, ಒಬ್ಬರು ಬರೆಯಲು ಹೋದಾಗ ತಡೆ ಬೀಳುತ್ತದೆ, ಆಗ ಅವರಿಗೊಂದು ಬೇರೆ ನಕಲು ಮಾಡಿಕೊಡುತ್ತೇವೆ, ಇನ್ನೊಬ್ಬರದು ಹಾಗೇ ಉಳಿಯುತ್ತದೆ, ಯಜಮಾನ ನೇರವಾಗಿ ಹೋಗಿ ಬರೆದರೆ ತಡೆಯೂ ಬೀಳುವುದಿಲ್ಲ, ನಕಲೂ ಆಗುವುದಿಲ್ಲ, ಇದ್ದ ಒಂದೇ ಒಂದು ಹೋಯಿತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹೋಗಿದ್ದು ಇನ್ನೊಬ್ರಿಗೆ ಗೊತ್ತಾಗಲ್ವಾ ಮೇಡಂ? ಗೊತ್ತಾಗಲ್ಲ, ನನ್ನದು ಇದೆ ಅಂತಲೇ ಅಂದುಕೊಂಡಿರುತ್ತಾರೆ, ಹೋಗಿ ನೋಡಿದಾಗ ಗೊತ್ತಾಗುತ್ತದೆ. ಕುಮಾರಿ ಪಾಪ ಅಂದಳು, ಕ್ಲಾಸು ನಕ್ಕಿತು, ಬೆಲ್ಲಾಯಿತು.

ಕಾಲೇಜಿನಿಂದ ಮನೆಗೆ ಕಾಲಿಗೆ ಗೊತ್ತಿರುವ ದಾರಿ, ಹಿಟ್ಟಿನ ಗಿರಣಿ, ಅರಿಶಿನ ಒಣಹಾಕುವ ಕಣ, ಈ ಮಳೆಗೆ ಕಣ ಖಾಲಿ, ನೀರು ನಿಂತಿದೆ, ಸೀರೆಯ ಅಂಚು ನೆನೆಯುತ್ತಿದೆ, ನೆನೆಯಲಿ. ಹೋದ ವಾರ ಮಾವನಿಗೆ ಫೋನ್ ಮಾಡಿದ್ದೆ, ಮಾವ, ಮನೆ ತೆಗೆದಾಗ ಕಿಟಕಿ ಕಟ್ಟೆ ಮೇಲಿನ ಲೋಟ ಯಾರೂ ಮುಟ್ಟಬಾರದು, ನಾನೇ ತೊಳೆಯುತ್ತೇನೆ ಅಂದಿದ್ದೆ, ಆ ಕಡೆಯಿಂದ ಮಾತಿಲ್ಲ, ಹಲೋ ಹಲೋ ಅಂದೆ, ಸಿಗ್ನಲ್ ಇಲ್ಲ ಅಂದುಕೊಂಡೆ, ತುಂಬ ಹೊತ್ತಾದ ಮೇಲೆ ಹೂಂ ಕಣವ್ವ ಅಂದು ಇಟ್ಟುಬಿಟ್ಟರು. ಮನೆಯ ಮುಂದೆ ಆಗಲೇ ಜನ, ಅತ್ತೆ ಸೆರಗು ತಲೆಗೆ ಹೊದ್ದು ಬಿಂದಿಗೆ ಹಿಡಿದು ನಿಂತಿದ್ದಾರೆ, ಸಣ್ಣಗಾಗಿದ್ದಾರೆ, ಪಕ್ಕದ ಮನೆಯ ಶಿವರಾಮು ತನ್ನ ಹಸುವಿನ ಹಣೆಗೆ ಕುಂಕುಮ ಹಚ್ಚಿ ಹಗ್ಗ ಹಿಡಿದಿದ್ದಾನೆ, ಹಸು ಬಾಗಿಲ ಮುಳ್ಳನ್ನೇ ಮೂಸುತ್ತಿದೆ, ಗುರುಮಲ್ಲಯ್ಯನವರು ಮಾವಿನ ಸೊಪ್ಪಿನ ಕಟ್ಟು ಹಿಡಿದು ಕೆಮ್ಮುತ್ತಿದ್ದಾರೆ. ಮಾವ ಒಬ್ಬರೇ ಮುಳ್ಳು ಬಿಚ್ಚುತ್ತಿದ್ದಾರೆ, ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಮುಳ್ಳು, ಕೈಗೆ ಬಟ್ಟೆ ಸುತ್ತಿಕೊಂಡಿಲ್ಲ. ಕುಡುಗೋಲು ಕೊಡ್ಲಾ ಮರಿಯಣ್ಣ ಅಂದ ಶಿವರಾಮು, ಬ್ಯಾಡ ಬುಡ್ಲಾ ಅಂದರು. ಮೊದ್ಲು ಹಸ ಓಗ್ಲಿ, ಹಿಂದ್ಗುಟ್ಟೆ ಯಾರಾದ್ರು ಮುತ್ತೈದೇರು ನೀರಿಡ್ಕಂದು ಓಗಿ ಅಂದರು ಗುರುಮಲ್ಲಯ್ಯನವರು, ನನ್ನ ಕಡೆ ನೋಡದೆ. ಹಸುವಿನ ಹಿಂದೆ ನಾನು ಹೋಗುತ್ತೇನೆ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸ್ಟಾಫ್ ರೂಮಿನ ಹಾಗೇ. ಎಲ್ಲಾರ ಉಂಟಾ ಕಣವ್ವ, ಗಂಡನ್ನ ಕಳ್ಕಂಡೋಳು ಅಂತ ಅವರು ಶುರು ಮಾಡುವಷ್ಟರಲ್ಲಿ ಮಾವ ಮುಳ್ಳಿನ ಕಡೆಗೇ ಮುಖ ಮಾಡಿಕೊಂಡು, ಅವ್ಳೇ ಓಗ್ಲಿ ಕಣಣ್ಣ, ಅವ್ಳ್ ಮನೆ ಅದು, ನಾ ಹೇಳ್ತಿವ್ನಿ ಅಂದರು. ಅವರ ದನಿ ಹಾಗಿರುವುದನ್ನು ನಾನು ಕೇಳಿರಲಿಲ್ಲ. ನನಗಾಗಿ ಅಷ್ಟು ಹೇಳಿದರಲ್ಲ ಅಂತ ಒಂದು ಗಳಿಗೆ ಅವರ ಮೇಲೆ ಪ್ರೀತಿ ಬಂತು, ಅಥವಾ ಪ್ರೀತಿ ಬರಬೇಕಾದ ಜಾಗ ಗೊತ್ತಾಯಿತು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಬೀಗ ತೆಗೆದರು, ತುಕ್ಕು ಹಿಡಿದಿರಬೇಕು ಅಂದುಕೊಂಡಿದ್ದೆ, ಸಲೀಸಾಗಿ ಬಂತು.

ಹಸು ಒಳಕ್ಕೆ ಹೋಗಲು ಒಲ್ಲದೆ ನಿಂತಿತು, ಶಿವರಾಮು ಬೆನ್ನು ತಟ್ಟಿದ, ಹೋಯಿತು, ಗೊರಸಿನ ಸದ್ದು ಖಾಲಿ ಮನೆಯಲ್ಲಿ ದೊಡ್ಡದಾಗಿ ಕೇಳಿತು, ನನ್ನ ಕೈಗೆ ಅತ್ತೆ ಬಿಂದಿಗೆ ಕೊಟ್ಟರು, ಬಲಗಾಲು, ಹೊಸಿಲು, ಕಾಲ ಕೆಳಗೆ ಹೊಸಿಲು ಇದ್ದ ಕಡೆಯೇ ಇದೆ, ಬೀಳಲಿಲ್ಲ, ಕಪ್ಪಗಾಗಲಿಲ್ಲ, ಒಳಗೆ ಮುಚ್ಚಿದ ಮನೆಯ ವಾಸನೆ, ಇಲಿಯ ಹಿಕ್ಕೆ, ನೆನೆದ ಸುಣ್ಣ, ಗೂಟಕ್ಕೆ ಅವನ ಶರ್ಟು, ಶರ್ಟು ನೋಡಿದೆ, ಶರ್ಟು ಅಂತ ಗೊತ್ತಾಯಿತು, ಮುಂದೆ ಏನೂ ಆಗಲಿಲ್ಲ, ಪರವಾಗಿಲ್ಲ, ಲೋಟ ಇದೆಯಲ್ಲ, ನಡುಕೋಣೆ, ಕತ್ತಲು, ಕಾಲಿಗೆ ದೂಳು ಮೆತ್ತಗೆ, ಬಿಂದಿಗೆ ಕೆಳಗಿಟ್ಟೆ, ಕಿಟಕಿಯ ಅಗಣಿ ಬಿಗಿದಿದೆ, ಅಂಗೈಯಿಂದ ಹೊಡೆದೆ, ಇನ್ನೊಂದು ಸಲ ಹೊಡೆದೆ, ಬಾಗಿಲು ತೆರೆದುಕೊಂಡಿತು, ಮಳೆಯ ಬೆಳಕು ಬಂತು. ಕಟ್ಟೆ. ಕಟ್ಟೆಯ ಮೇಲೆ ಲೋಟ ಇಲ್ಲ. ಇಲ್ಲ ಅನ್ನುವುದು ಕಣ್ಣಿಗೆ ಹೋಗಲಿಲ್ಲ, ಕೈ ಹೋಗಿ ತಡವಿತು, ಇಲಿ ಬೀಳಿಸಿರಬೇಕು, ಬಗ್ಗಿದೆ, ಕೆಳಗೆ ದೂಳು, ಮಂಚದ ಕೆಳಗೆ ದೂಳು, ಅಡುಗೆಮನೆಗೆ ಹೋದೆ, ನಡೆದೆನೋ ಓಡಿದೆನೋ ಗೊತ್ತಿಲ್ಲ, ಸ್ಟ್ಯಾಂಡಿನಲ್ಲಿ ಪಾತ್ರೆಗಳ ಸಾಲಿನ ತುದಿಗೆ ಲೋಟ, ಅವನ ಲೋಟ, ಕಂಠದ ಹತ್ತಿರ ನೆಗ್ಗಿದ್ದು, ಯಾರೋ ತೊಳೆದು ಬೋರಲು ಹಾಕಿದ್ದಾರೆ. ಬೋರಲು ಹಾಕಿದ ಅದರ ತಳದ ಮೇಲೆ ದೂಳು, ಬೆರಳಲ್ಲಿ ಎಳೆದರೆ ಗೆರೆ ಬೀಳುವಷ್ಟು ದೂಳು. ಇವತ್ತು ತೊಳೆದದ್ದಲ್ಲ, ನಿನ್ನೆಯದಲ್ಲ. ನಾನು ಬಸ್ಸಿನಲ್ಲಿ ನೋಡಿದೆನಲ್ಲ, ಭಾಗ್ಯನ ಮನೆಯ ಗೋಡೆಯ ಮುಂದೆ ನಿಂತು ನೋಡಿದೆನಲ್ಲ, ಚೌಕ ಬರೆಯುತ್ತಾ ನೋಡಿದೆನಲ್ಲ, ಒಣಗುತ್ತಾ ಬೂಸ್ಟು ಹಿಡಿಯುತ್ತಾ ದಿನಾ ನನಗಾಗಿ ಕಾಯುತ್ತಿದ್ದ ಲೋಟ, ಆ ಲೋಟ ಇರಲೇ ಇಲ್ಲ.

ಬಾಗಿಲ ಬಳಿ ಮಾವ ನಿಂತಿದ್ದಾರೆ, ಒಳಗೆ ಬರುತ್ತಿಲ್ಲ, ಬೆರಳಲ್ಲಿ ಮುಳ್ಳು ಚುಚ್ಚಿ ಬಂದ ರಕ್ತವನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದಾರೆ, ಲೋಟ ಕೈಯಲ್ಲಿ ಹಿಡಿದು ನಾನು ಅವರನ್ನು ನೋಡಿದೆ, ಅವರು ಲೋಟವನ್ನು ನೋಡಿದರು, ಹಾಲು ತುಪ್ಪ ಬುಟ್ಟು ಬಂದ ದಿನ ಕಣವ್ವ ಅಂದರು. ಮೂರನೇ ದಿನ, ಗುಂಡಿಯ ಮೇಲೆ ಹಾಲು ತುಪ್ಪ ಬಿಟ್ಟು ಬಂದು ನಾವೆಲ್ಲ ಎದುರು ಸಾಲಿನ ಜಗಲಿಯಲ್ಲಿ ಬಾಳೆಲೆ ಮುಂದೆ ಕೂತಿದ್ದೆವು, ಮಾವ ಊಟಕ್ಕೆ ಬರಲಿಲ್ಲ. ಇತ್ಲ ಬಾಗ್ಲಿಂದ ಬಂದೆ, ಇಟ್ಟಿದ್ದು ಇಟ್ಟಂಗೇ ಇತ್ತು, ಇರ್ವೆ ಮುತ್ಕಂದಿದ್ದೊ, ನೀ ಬಂದು ಇದ ನೋಡುದ್ರೆ ತಡಕಳಾಕಿಲ್ಲ, ನೀನು ನೋಡ್ಬಾರ್ದು ಅಂತ ತೊಳುದ್ಬುಟ್ಟೆ, ಮುಳ್ಳ ಮತ್ತೆ ಕಟ್ಬುಟ್ಟೆ, ಯಾರ್ಗೂ ಏಳ್ನಿಲ್ಲ, ನೀ ಫೋನಲ್ಲಿ ಅಂದಾಗ್ಲೂ ಏಳಕ್ಕಾಗ್ನಿಲ್ಲ. ಗುರುಮಲ್ಲಯ್ಯನವರ ಕೆಮ್ಮು ನಿಂತಿತು. ಮುಳ್ಳ ಕಟ್ದೋರು ನೀವೇ ಒಳೀಕೋಗಿದ್ರಾ ಅಂದರು ಅತ್ತೆ, ಬಾಯಿಗೆ ಸೆರಗು ಹಿಡಿದುಕೊಂಡು, ಬೈಯುತ್ತಾರೆ ಅಂದುಕೊಂಡೆ, ನನ್ನೂ ಕರೀಬಾರ್ದಾಗಿತ್ತಾ ಅಂದರು. ಮಾವನ ದೊಡ್ಡ ದೇಹ, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದಾರೆ, ನಿಂಬೆ ಗಿಡ ಗೀರಲಿಲ್ಲ, ಒಳ್ಳೆಯದಕ್ಕೇ ಬರೆಯಬಹುದು ಕಣಮ್ಮ, ಸಿಟ್ಟು ಬರಬೇಕು ನನಗೆ, ಸಿಟ್ಟಿನ ಜಾಗಕ್ಕೆ ಹೋದೆ, ಅಲ್ಲಿ ಯಾರೂ ಇಲ್ಲ, ಆಗಲಿ ಮಾವ ಅಂದೆ, ಒಳಗೆ ಬನ್ನಿ, ನಿಮ್ಮ ಕೈಯಲ್ಲಿ ರಕ್ತ ಬರುತ್ತಿದೆ ಅಂದೆ. ಲೋಟವನ್ನು ಮೂಗಿನ ಹತ್ತಿರ ತಂದೆ, ದೂಳು, ಸ್ಟೀಲು, ಕಾಫಿ ಇಲ್ಲ, ಚೊಕ್ಕವಾಗಿ ತೊಳೆದಿದ್ದಾರೆ, ಜೀವಮಾನದಲ್ಲಿ ಒಂದು ತಟ್ಟೆ ತೊಳೆಯದ ಮನುಷ್ಯ ಇದೊಂದನ್ನು ಇಷ್ಟು ಚೊಕ್ಕವಾಗಿ ಹೇಗೆ ತೊಳೆದರು, ನೀರು ಎಲ್ಲಿತ್ತು, ಹಂಡೆಯಲ್ಲಿ ಅವನ ಸ್ನಾನಕ್ಕೆ ತುಂಬಿಸಿದ್ದ ನೀರು ಹಾಗೇ ಇತ್ತಲ್ಲ, ಅದರಲ್ಲೇ ತೊಳೆದಿರಬೇಕು. ಲೋಟವನ್ನು ತಂದು ಅದರ ಜಾಗದಲ್ಲಿ ಇಡೋಣ ಅಂತ ಕಿಟಕಿಗೆ ಬಂದೆ.

ಗುರುಮಲ್ಲಯ್ಯನವರು ಮೂಲೆಮೂಲೆಗೆ ನೀರು ಚಿಮುಕಿಸುತ್ತಿದ್ದಾರೆ, ಹಸು ನಡುಮನೆಯಲ್ಲಿ ಸಗಣಿ ಹಾಕಿತು, ಒಳ್ಳೇದಾಯ್ತು ಬುಡಿ ಅಂದ ಶಿವರಾಮು, ಅತ್ತೆ ಒದ್ದೆ ಬಟ್ಟೆ ಹಿಡಿದು ದೂಳು ಒರೆಸುತ್ತಾ ಕೋಣೆಯಿಂದ ಕೋಣೆಗೆ ಬರುತ್ತಿದ್ದಾರೆ, ಗೂಡು ಒರೆಸಿದರು, ಮಂಚದ ಕಾಲು ಒರೆಸಿದರು, ಕಿಟಕಿಯ ಸರಳು ಒರೆಸಿದರು, ನಾನು ಲೋಟ ಇಡಲು ಕೈ ಚಾಚಿ ಹಾಗೇ ನಿಂತಿದ್ದೇನೆ, ಬಿಳಿ ಟೈಲ್ಸಿನ ಮೇಲೆ ದೂಳಿನ ಅಡಿಯಲ್ಲಿ ಏನೋ ದುಂಡಗೆ ಕಂಡಿತು, ಬಾಯಿಂದ ಊದಿದೆ, ದೂಳು ಹಾರಿತು, ಕಂದು ಬಣ್ಣದ ಉಂಗುರ, ಒಂದು ಕಡೆ ದಪ್ಪ, ಒಂದು ಕಡೆ ಎಳೆಯಷ್ಟು ತೆಳ್ಳಗೆ, ಒಂದು ಚೂರು ಜಾಗದಲ್ಲಿ ಕೂಡದೆ ಬಿಟ್ಟುಹೋಗಿದೆ, ದಿನಾ ನಾನು ಒರೆಸುತ್ತಿದ್ದ ಉಂಗುರ, ಲೋಟ ತೊಳೆದ ಮಾವನಿಗೆ ಕಟ್ಟೆ ಒರೆಸಬೇಕು ಅಂತ ಗೊತ್ತಾಗಲಿಲ್ಲ, ಗಂಡಸರಿಗೆ ಎಲ್ಲಿ ಗೊತ್ತಾಗುತ್ತದೆ, ತಟ್ಟೆ ಇಟ್ಟುಕೊಳ್ಳಿ ಅಂದರೆ ತಟ್ಟೆ ಇಟ್ಟರೆ ಆರಲ್ಲ — ಸರಿ ಕಣವ್ವ ಒಸಿ, ಒರುಸ್ಬುಡ್ತೀನಿ ಅಂದರು ಅತ್ತೆ, ಒದ್ದೆ ಬಟ್ಟೆ ಕಟ್ಟೆಯ ಅಂಚಿಗೆ ಬಂತು, ನನ್ನ ಕೈ ಹೋಗಿ ಉಂಗುರದ ಮೇಲೆ ಕೂತಿತು, ನಾನು ಕಳಿಸಲಿಲ್ಲ, ತಾನೇ ಹೋಯಿತು. ಕೈ ತಗಿ ಕಣವ್ವ, ಯಾಕವ್ವ, ಏನಾಯ್ತು, ರಮ್ಯ. ಅಂಗೈಯ ಕೆಳಗೆ ತಣ್ಣಗೆ, ಆಮೇಲೆ ತಣ್ಣಗಲ್ಲ, ಸಕ್ಕರೆ, ಶ್ರಾವಣದ ಥಂಡಿಗೆ ಕರಗಿದ ಸಕ್ಕರೆ, ಕೈ ಒಂದಿಷ್ಟು ಎತ್ತಿದೆ, ಎತ್ತಲು ಬಿಡಲಿಲ್ಲ, ಹಿಡಿದುಕೊಂಡಿತು, ಮತ್ತೆ ಇಟ್ಟೆ, ಅಂಟುತ್ತಿದೆ, ಉಂಗುರ, ಇನ್ನೂ ಅಂಟುತ್ತಿದೆ.